ಮಂಗಳೂರಿನ ಎತ್ತಿನ ಗಾಡಿಯ ಕಾಲ

ಎತ್ತಿನ ಗಾಡಿಯೆಂದೊಡನೆ ನಮ್ಮ ಮನಸ್ಸು ಅದಕ್ಕೆ ಅನಾದಿಯೆಂಬ ವಿಶೇಷಣವನ್ನು ತಾನಾಗಿಯೇ ಜೋಡಿಸಿಬಿಡುತ್ತದೆ. ವೇದವಾಙ್ಮಯದಲ್ಲಿ ಬಂಡಿಯ ಮಾತೂ ಬಂಡಿಯೆತ್ತಿನ ಮಾತೂ ಬರುವುದರಿಂದ, ಹರಪ್ಪ ಮೊಹೆಂಜೊದಾರೊಗಳ ಅವಶೇಷಗಳಲ್ಲಿ ಸುಟ್ಟ ಮಣ್ಣಿನ ಆಟಿಕೆಗಾಡಿಗಳು ದೊರೆತಿರುವುದರಿಂದ, ಭಾರತದ ಊರೂರಿನಲ್ಲಿಯೂ ಗಾಲಿಯು ಅಂದಿನಿಂದ ಇಂದಿನವರೆಗೆ ಎಡೆಬಿಡದೆ ಉರುಳುತ್ತಲೇ ಬಂದಿತೆಂದು ಭಾವಿಸುವುದು ಸುಲಭ. ಮಂಗಳೂರಿನ ಮಟ್ಟಿಗೆ ಈ ಭಾವನೆ ನಿಲ್ಲಲಾರದು. ನೇತ್ರಾವತಿಯೂ ಗುರುಪುರದ ಹೊಳೆಯೂ ಕಡಲನ್ನು ಸೇರುವ ಈ ಪಟ್ಟಣದಲ್ಲಿ ಸರಕಿನ ಗಾಡಿಯೆಂಬುದು ಹೆಚ್ಚುಕಡಮೆ ಹತ್ತೊಂಬತ್ತನೆಯ ಶತಮಾನದ ಸೃಷ್ಟಿ. ಅದರ ಆಳ್ವಿಕೆಯಾದರೂ ನೂರು ವರ್ಷಗಳನ್ನು ಬಹಳವಾಗಿ ಮೀರಲಿಲ್ಲ. ಅದಕ್ಕೆ ಮುಂಚೆ ಇಲ್ಲಿಯ ಭಾರವನ್ನು ಹೊತ್ತದ್ದು ದೋಣಿ, ಘಟ್ಟದ ಹೇರೆತ್ತು, ಅವೆರಡಕ್ಕಿಂತಲೂ ಮಿಗಿಲಾಗಿ ಮನುಷ್ಯನ ಹೆಗಲು.

ಈ ಮಾತಿಗೆ ಸಾಕ್ಷಿ ಹೊರಗಿನವನೊಬ್ಬನದು. ಮೊರೊಕ್ಕೋ ದೇಶದ ಇಬ್ನ್ ಬತೂತನು 1342ರ ಆಸುಪಾಸಿನಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ತೆಂಕಣ ದಿಕ್ಕಿಗೆ ಸಾಗುತ್ತ ಮಂಗಳೂರನ್ನು ಕಂಡನು. ಪಾರಸೀಕ ಮತ್ತು ಯಮನ್ ದೇಶಗಳ ವರ್ತಕರು ಬಂದಿಳಿಯುವ, ಮೆಣಸೂ ಶುಂಠಿಯೂ ಹೇರಳವಾಗಿರುವ, ನಾಲ್ಕು ಸಾವಿರದಷ್ಟು ಮುಸಲ್ಮಾನರು ನೆಲೆಸಿದ್ದ ರೇವೆಂದು ಅದನ್ನು ವರ್ಣಿಸಿದನು. ಇದು ನಮ್ಮಲ್ಲಿ ಹಲವರು ಬಲ್ಲ ವಿಷಯ. ಆದರೆ ಅದೇ ಪ್ರಕರಣದಲ್ಲಿ ಅವನು ಬರೆದಿರುವ ಮತ್ತೊಂದು ಸಂಗತಿಯನ್ನು ಅಷ್ಟಾಗಿ ಯಾರೂ ಎತ್ತಿ ಹೇಳಿದಂತೆ ಕಾಣೆ. ಗೋವೆಯಿಂದ ಕೊಲ್ಲಮಿನವರೆಗಿನ ಆ ನಾಡಿನಲ್ಲಿ ಪ್ರಾಣಿಯ ಮೇಲೇರಿ ಪ್ರಯಾಣಮಾಡುವವರೇ ಇಲ್ಲವೆಂದೂ, ಕುದುರೆಯಿರುವುದು ಅರಸನೊಬ್ಬನಿಗೆ ಮಾತ್ರವೆಂದೂ, ಉಳ್ಳವರು ಆಳುಗಳ ಹೆಗಲ ಮೇಲಣ ಡೋಲಿಯಲ್ಲಿ ಹೋಗುವರೆಂದೂ, ಇಲ್ಲದವರು ನಡೆಯುವರೆಂದೂ, ವರ್ತಕನಾದವನು ತನ್ನ ಸರಕನ್ನು ಕೂಲಿಯವರ ಬೆನ್ನಿಗೆ ಹೊರಿಸಿ ನೂರಾರು ಮಂದಿಯ ಸಾಲನ್ನು ಮುಂದಿಟ್ಟುಕೊಂಡು ನಡೆಯುವನೆಂದೂ ಅವನು ಹೇಳುತ್ತಾನೆ. ಒಂಟೆ, ಹೇಸರಗತ್ತೆ, ಕುದುರೆಗಳ ನಡುವೆ ಬಾಳಿ ಅರ್ಧ ಪ್ರಪಂಚವನ್ನು ಸುತ್ತಿಬಂದ ಮನುಷ್ಯನಿಗೆ ಇದು ವಿಲಕ್ಷಣವಾಗಿ ತೋರಿದ್ದು ಸಹಜವೇ ಸರಿ.

ವಿಲಕ್ಷಣವೇಕೆ ಆಯಿತೆಂಬುದಕ್ಕೆ ಅರ್ಧ ಉತ್ತರವನ್ನು ನೆಲವೇ ಕೊಡುತ್ತದೆ. ವರ್ಷಕ್ಕೆ 130 ಅಂಗುಲಕ್ಕೂ ಮೀರಿ ಮಳೆ ಸುರಿಯುವ, ಆ ಮಳೆಯ ಬಹುಭಾಗವು ನಾಲ್ಕೇ ತಿಂಗಳಲ್ಲಿ ಬಂದು ಮುಗಿಯುವ, ಹೆಜ್ಜೆಗೊಂದು ಹಳ್ಳವೂ ಹರದಾರಿಗೊಂದು ಹೊಳೆಯೂ ಅಡ್ಡವಾಗುವ ನಾಡು ಇದು. ಮುರಕಲ್ಲಿನ ಗುಡ್ಡಗಳ ನಡುವಣ ಬೈಲುಗಳಲ್ಲೆಲ್ಲ ಬತ್ತದ ಗದ್ದೆ, ಗದ್ದೆಯಿಂದ ಗದ್ದೆಗೆ ಒಬ್ಬನ ಹಿಂದೆ ಒಬ್ಬನಾಗಿ ನಡೆಯಬಹುದಾದ ಹುಣಿ, ತೋಡಿಗೆ ಅಡ್ಡಲಾಗಿ ಅಡಕೆಮರದ ಸಂಕ. ಘಟ್ಟದ ಮೇಲಣ ಬಯಲುಸೀಮೆಯಲ್ಲಿರುವಂತೆ ಮನೆಗಳು ಒಂದೆಡೆ ಗುಂಪುಗೂಡಿ ಊರಾಗಿ, ಊರಿಂದೂರಿಗೆ ಬಂಡಿಜಾಡು ಬೀಳುವ ಸಂಭವವೇ ಇಲ್ಲಿ ಕಡಮೆ. ಉತ್ತರದ ಇನ್ನರ್ಧವಾದರೋ ಅಷ್ಟು ಹಿತವಾದುದಲ್ಲ. ಅಗ್ಗವಾದ ಹೆಗಲುಗಳು ಬೇಕಾದಷ್ಟು ದೊರೆಯುವಲ್ಲಿ ಗಾಲಿಯನ್ನು ಕುರಿತು ಯೋಚಿಸುವ ಅಗತ್ಯವೇ ಯಾರಿಗೂ ಬೀಳುವುದಿಲ್ಲ. 1801ರಲ್ಲಿ ಮಂಗಳೂರು, ಫರಂಗಿಪೇಟೆ, ಬಂಟವಾಳಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತುಳುನಾಡಿನ ಬೇಸಾಯವನ್ನು ವರ್ಣಿಸುವಾಗ ಒಡೆಯರಿಗೆ ಸೇರಿದ ಜೀತದಾಳುಗಳ ಸ್ಥಿತಿಯನ್ನೂ ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಅಂಥ ಒಡೆತನಕ್ಕೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರ ಐದನೆಯ ಕಾಯಿದೆಯಿಂದ, ಬಾಳಿನಲ್ಲಿ ತಪ್ಪಲು ಮತ್ತೂ ಬಹುಕಾಲ ಹಿಡಿಯಿತು. ನಮ್ಮ ಪ್ರಾಚೀನರಿಗೆ ಗಾಲಿಯ ಜ್ಞಾನ ಇರಲಿಲ್ಲವೆಂದು ಮಾತ್ರ ಯಾರೂ ತಿಳಿಯಬಾರದು. ರಥಸಪ್ತಮಿಗೆ ಮಂಗಳೂರಿನ ರಥಬೀದಿಯಲ್ಲಿ ಎಳೆಯುವ ಶ್ರೀ ವೆಂಕಟರಮಣ ದೇವರ ತೇರಿಗೂ, ಹಳ್ಳಿಗಳಲ್ಲಿ ಕೆಲವು ದೈವಗಳ ಬಂಡಿಗೂ ಗಾಲಿಗಳುಂಟು. ದೇವರಿಗೆ ಸಂದ ಈ ಚಕ್ರವು ಅಕ್ಕಿಯ ಮುಡಿಗೆ ಸಲ್ಲಲಿಲ್ಲವೆಂಬುದೂ, ಆ ದೇವರ ತೇರನ್ನು ಕೂಡ ಎಳೆಯುವವು ಮನುಷ್ಯನ ಕೈಗಳೇ ಎಂಬುದೂ ಯೋಚಿಸತಕ್ಕ ವಿಷಯ.

ಗಾಲಿಯನ್ನು ಬಲ್ಲವರೇ ಗಾಲಿಯನ್ನು ಬಿಟ್ಟು ಬಾಳಿದ ನಿದರ್ಶನ ನಮ್ಮದೊಂದೇ ಅಲ್ಲ. ಚಕ್ರದ ತವರೆಂದು ಹೆಸರಾದ ಪಶ್ಚಿಮ ಏಷ್ಯದಲ್ಲಿಯೇ, ರೋಮನರು ಕಲ್ಲು ಹಾಸಿದ ರಾಜಮಾರ್ಗಗಳನ್ನು ಬಿಟ್ಟುಹೋದ ಅದೇ ನೆಲದಲ್ಲಿ, ಒಂಟೆಗೆ ಒಳ್ಳೆಯ ಜೀನು ಸಿದ್ಧಿಸಿದ ತರುವಾಯ ಗಾಡಿಗಳು ಕ್ರಮಕ್ರಮವಾಗಿ ಮರೆಯಾಗಿ, ಸಾವಿರ ವರ್ಷಕ್ಕೂ ಹೆಚ್ಚು ಕಾಲ ವ್ಯಾಪಾರವೆಲ್ಲವೂ ಒಂಟೆಯ ಬೆನ್ನಿನ ಮೇಲೆಯೇ ನಡೆಯಿತು. ರಸ್ತೆ ಬೇಡದ, ಸೇತುವೆ ಬೇಡದ ವಾಹನವಿರುವಾಗ ರಸ್ತೆಯನ್ನು ಕಾಪಾಡುವವರು ಯಾರು?

ಕುದುರೆಯ ಕಥೆಯೇ ಬೇರೆ. ಅದು ಈ ಕರಾವಳಿಯ ರೇವುಗಳಲ್ಲಿ ಇಳಿಯಿತು, ಇಲ್ಲಿ ದುಡಿಯಲಿಲ್ಲ. ವಿಜಯನಗರದ ಅರಸರಿಗೆ ಅರಬ್ಬೀ ಮತ್ತು ಪಾರಸೀಕ ಅಶ್ವಗಳು ಅನ್ನದಷ್ಟೇ ಅವಶ್ಯವಾಗಿದ್ದುವು. ಬಾರಕೂರು, ಮಂಗಳೂರು ಎಂಬ ಎರಡು ರಾಜ್ಯಗಳನ್ನು ಅವರು ತಮ್ಮ ರಾಜ್ಯಪಾಲರ ಕೈಯಲ್ಲಿಟ್ಟು ಬಿಗಿಯಾಗಿ ಆಳಿದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ. ಪೋರ್ತುಗೀಸ್ ವರ್ತಕ ನುನಿಜ್ ಎಂಬಾತನು ವಿಜಯನಗರದ ಅರಸನು ವರ್ಷವೊಂದಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಅವನೇ ಹೇಳುವ ಮತ್ತೊಂದು ಸಂಗತಿ ಇನ್ನೂ ಸ್ವಾರಸ್ಯವಾದುದು: ಸಾಳುವ ನರಸಿಂಹನು ಕುದುರೆಗಳನ್ನು ಸತ್ತವೋ ಬದುಕಿದವೋ ಎಂದು ನೋಡದೆ ಮೂರಕ್ಕೆ ಸಾವಿರ ಪರ್ದಾವು ನಾಣ್ಯಗಳಂತೆ ಕೊಳ್ಳುತ್ತಿದ್ದನಂತೆ, ಕಡಲಿನ ಮೇಲೆಯೇ ಪ್ರಾಣಬಿಟ್ಟ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಗೆಂತೋ ಅದಕ್ಕೂ ಅಂತೆಯೇ ಹಣ ಎಣಿಸಿಕೊಡುತ್ತಿದ್ದನಂತೆ. ಮಾರಾಟಗಾರನ ನಷ್ಟವನ್ನು ಕೊಳ್ಳುವವನು ಹೊರುವ ಇಂಥ ವ್ಯವಹಾರವನ್ನು ಇಂದಿನ ವಿಮಾ ಸಂಸ್ಥೆಗಳು ಕೇಳಿದರೆ ಏನೆನ್ನುವುವೋ ಕಾಣೆ. ಅಂತು ಹಡಗಿನಿಂದಿಳಿದ ಅಶ್ವವು ಬಹುಕಾಲ ಇಲ್ಲಿ ನಿಲ್ಲುತ್ತಿರಲಿಲ್ಲ. ಈ ಜೌಗುಹವೆ ಅದಕ್ಕೆ ಒಗ್ಗದು, ಈ ಹುಲ್ಲು ಅದಕ್ಕೆ ಸಾಲದು. ಘಟ್ಟವನ್ನು ಹತ್ತಿ ಅದು ದಂಡಿಗೆ ಸೇರುತ್ತಿತ್ತು.

ಅದೇ ಘಟ್ಟದ ದಾರಿಗಳಲ್ಲಿ ಎದುರುಬದುರಾಗಿ ಹತ್ತಿಳಿಯುತ್ತಿದ್ದ, ಯಾವ ಅರಸನೂ ಬಾಲಕ್ಕೆ ಬೆಲೆಕೊಡದ ಪ್ರಾಣಿಯೊಂದಿತ್ತು, ಅದು ಹೇರೆತ್ತು. ಸಂಪಾಜೆ, ಬಿಸಿಲೆ, ಶಿರಾಡಿ, ಚಾರ್ಮಾಡಿ, ಆಗುಂಬೆ ಎಂದು ಇಂದು ನಾವು ವಾಹನಗಳಲ್ಲಿ ಕುಳಿತು ಹೆಸರಿಸುವ ಕಣಿವೆಗಳೆಲ್ಲ ಮೊದಲು ಎತ್ತಿನ ಗೊರಸು ತುಳಿದು ಮಾಡಿದ ಕಾಲುದಾರಿಗಳು. ಬೆನ್ನಿನ ಎರಡು ಮಗ್ಗುಲಿಗೂ ಸಮವಾಗಿ ಚೀಲ ಇಳಿಬಿಟ್ಟು, ಮುಂದಾಳಾದ ಎತ್ತಿನ ಕೊರಳಿಗೆ ಗಂಟೆ ಕಟ್ಟಿ, ಮಳೆ ನಿಂತು ಹೊಳೆಗಳು ಇಳಿದ ಮೇಲೆ ಹೊರಡುತ್ತಿದ್ದ ಈ ಸಾಲುಗಳು ಕೆಳಗಿನಿಂದ ಉಪ್ಪು, ತೆಂಗಿನಕಾಯಿ, ಒಣಮೀನುಗಳನ್ನು ಮೇಲಕ್ಕೂ, ಮೇಲಿನಿಂದ ಬೇಳೆಕಾಳು, ಬೆಲ್ಲ, ಹೊಗೆಸೊಪ್ಪು, ಅರಿವೆಗಳನ್ನು ಕೆಳಕ್ಕೂ ಸಾಗಿಸುತ್ತಿದ್ದುವು. ಇವುಗಳಲ್ಲೆಲ್ಲ ಉಪ್ಪೇ ಮುಖ್ಯ. ಕಡಲಿಲ್ಲದ ನಾಡಿಗೆ ಕಡಲಿನಿಂದ ತಪ್ಪದೆ ಬೇಕಾಗುವ ವಸ್ತು ಅದೊಂದೇ. ಒಂದೊಂದು ಎತ್ತಿನ ಹೊರೆ ಅಲ್ಪವೆಂದೇ ಹೇಳಬೇಕು. 1965ರಲ್ಲಿ ಭಾರತ ಸರ್ಕಾರ ಹೊರಡಿಸಿದ ನಿಯಮಗಳು ಚಿಕ್ಕ ಎತ್ತಿನ ಬೆನ್ನಿಗೆ 100, ನಡುತರದ್ದಕ್ಕೆ 150, ದೊಡ್ಡದಕ್ಕೆ 175 ಕಿಲೋಗಳ ಮಿತಿಯನ್ನು ವಿಧಿಸಿವೆ. ಘಟ್ಟದ ಏರಿನಲ್ಲಿ ಹಿಂದಿನವರು ಹೇರಿದ್ದು ಇದಕ್ಕೆ ಬಹಳ ಹೆಚ್ಚಿಗೆ ಇದ್ದಿರಲಾರದು. ಜೋಡೆತ್ತಿನ ಗಾಡಿಯೊಂದು ಸಮನಾದ ರಸ್ತೆಯ ಮೇಲೆ ಇಂಥ ಏಳೆಂಟು ಹೇರುಗಳನ್ನು ಒಮ್ಮೆಗೇ ಎಳೆದುಬಿಡುತ್ತದೆ. ಆದರೆ ಸಮನಾದ ರಸ್ತೆ ಇರಬೇಕಷ್ಟೆ.

ಈ ಎತ್ತುಗಳು ಬಹುಮಟ್ಟಿಗೆ ಘಟ್ಟದ ಮೇಲಿನವು. ಕರಾವಳಿಯ ನಾಟಿ ದನ, ಮಲೆನಾಡು ಗಿಡ್ಡವೆಂದು ಈಗ ಹೆಸರು ಪಡೆದಿರುವ ಕುಳ್ಳು ತಳಿ, ಮಳೆಯನ್ನೂ ಉಣ್ಣೆಯನ್ನೂ ಒರಟು ಮೇವನ್ನೂ ಸಹಿಸಿ ಬಾಳುವುದರಲ್ಲಿ ಅದ್ವಿತೀಯವಾದರೂ ದೂರದ ದುಡಿಮೆಗೆ ಸಾಲದು. ಆದಕಾರಣ ಮೈಸೂರು ಸೀಮೆಯ ಹಳ್ಳಿಕಾರ್ ಮೊದಲಾದ ಜಾತಿಯ ಎತ್ತುಗಳನ್ನು ಕೊಳ್ಳಲು ಇಲ್ಲಿಯವರು ಕುಕ್ಕೆ ಸುಬ್ರಹ್ಮಣ್ಯದ ಬಳಿಯ ಕುಲ್ಕುಂದದ ದನದ ಜಾತ್ರೆಗೆ ಹೋಗುತ್ತಿದ್ದರು. ಚಂಪಾಷಷ್ಠಿಗೆ ಮುಂಚೆ ನೆರೆಯುತ್ತಿದ್ದ ಆ ಜಾತ್ರೆ ಮೇಲುಸೀಮೆಗೂ ಕೆಳಸೀಮೆಗೂ ನಡೆಯುತ್ತಿದ್ದ ಕೊಡುಕೊಳೆಯ ದೊಡ್ಡ ನಿಲ್ದಾಣ. ಮೈಸೂರು ಎತ್ತಿನ ಕೀರ್ತಿಯಾದರೋ ದಂಡಿನಲ್ಲಿ ಬೆಳೆದದ್ದು. ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯೆಂದು ಸ್ಥಾಪಿಸಿದ ದನಗಳ ಇಲಾಖೆಯನ್ನು ಹೈದರನು ಬೆಳೆಸಿದನು, ಟಿಪ್ಪುವು ಅಮೃತಮಹಲ್ ಎಂದು ಕರೆದನು. ಚಿದಂಬರದ ನೆರವಿಗಾಗಿ ಹೈದರನ ದಂಡು ಈ ಎತ್ತುಗಳ ಬಲದಿಂದ ಎರಡೂವರೆ ದಿನಗಳಲ್ಲಿ ನೂರು ಮೈಲಿ ಕ್ರಮಿಸಿತೆಂದು ಮೈಸೂರಿನ ದಾಖಲೆಗಳಲ್ಲಿ ಹೇಳಿದೆ. 1783ರಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿ, 1784ರ ಮಾರ್ಚ್ 11ರಂದು ಇಂಗ್ಲಿಷರೊಡನೆ ಇಲ್ಲಿಯೇ ಒಪ್ಪಂದಕ್ಕೆ ಸಹಿಹಾಕಿದ ಟಿಪ್ಪುವಿನ ಇತಿಹಾಸದಲ್ಲಿ ತೋಪುಗಳ ಮಾತು ಬರುತ್ತದೆ, ಸರದಾರರ ಹೆಸರು ಬರುತ್ತದೆ. ತೋಪನ್ನು ಘಟ್ಟವಿಳಿಸಿದ ಎತ್ತುಗಳ ಮಾತು ಬರುವುದಿಲ್ಲ.

ಕೋಣದ ಕೆಲಸ ರಸ್ತೆಯದಲ್ಲ, ಕೆಸರಿನದು. ಬೆವರುಗ್ರಂಥಿಗಳು ವಿರಳವಾದ ಅದರ ಕರಿಯ ಮೈ ಬಿಸಿಲಿನ ದಾರಿಯನ್ನು ಸಹಿಸದು. ಮೊಣಕಾಲುದ್ದ ನೀರು ನಿಂತ ಬೈಲುಗದ್ದೆಯಲ್ಲಿ ಮಾತ್ರ ಅದಕ್ಕೆ ಸಮನಾದ ಪ್ರಾಣಿ ಮತ್ತೊಂದಿಲ್ಲ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುವ ಬೈಲಿನ ಉಳುಮೆ ಬಹುಪಾಲು ಕೋಣದ ಹೆಗಲಿನ ಮೇಲೆಯೇ ನಡೆಯಿತು. ಆ ಉಳುಮೆಯ ನೆರಳಿನಲ್ಲಿಯೇ ಕೆಸರುಗದ್ದೆಯ ಕೋಣಗಳ ಓಟವಾದ ಕಂಬಳ ಹುಟ್ಟಿತು, ನಗರದ ನಡುವಣ ಕದ್ರಿಯಲ್ಲಿಯೂ ಅರಸು ಕಂಬಳವೊಂದು ನಡೆಯುತ್ತಿತ್ತು; ಈಗ ಅಲ್ಲಿ ಬಹುಮಹಡಿಯ ಮನೆಗಳೆದ್ದು, ಕದ್ರಿ ಕಂಬಳವೆಂಬುದು ಬಡಾವಣೆಯ ವಿಳಾಸವಾಗಿದೆ.

ಗಾಡಿಯ ಕಾಲ ತೊಡಗಿದ್ದು 1799ರಲ್ಲಿ ಈ ಸೀಮೆ ಕುಂಪಣಿಯ ಕೈಸೇರಿದ ಮೇಲೆ, ಅದೂ ಕೂಡಲೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಣಿಂದೀಚೆಗೆ ಘಟ್ಟದ ಕಾಲುದಾರಿಗಳು ಒಂದೊಂದಾಗಿ ಅಗಲಗೊಂಡು, ಏರು ತಗ್ಗಿ, ಜಲ್ಲಿ ಹೊದ್ದು, ಮಡಿಕೇರಿಯ ಕಡೆಯಿಂದ ಸಂಪಾಜೆಯ ಮೂಲಕ, ಸಕಲೇಶಪುರದ ಕಡೆಯಿಂದ ಶಿರಾಡಿಯ ಮೂಲಕ, ಮೂಡಿಗೆರೆಯ ಕಡೆಯಿಂದ ಚಾರ್ಮಾಡಿಯ ಮೂಲಕ ಗಾಡಿಗಳು ಇಳಿಯತೊಡಗಿದುವು. ರಸ್ತೆ ಬಂದದ್ದು ಪ್ರಜೆಗಳ ಸೌಖ್ಯಕ್ಕೆಂಬ ಭ್ರಮೆ ಬೇಡ. ಮೊದಲು ದಂಡಿಗಾಗಿ, ಬಳಿಕ ಕಾಫಿಗಾಗಿ ಬಂದಿತು. ಕೊಡಗು ಮತ್ತು ಚಿಕ್ಕಮಗಳೂರುಗಳ ತೋಟಗಳಲ್ಲಿ ಬೆಳೆದ ಕಾಫಿಯು ಮಂಗಳೂರಿನಲ್ಲಿ ಹದಗೊಂಡು ಹಡಗೇರಬೇಕಾಗಿತ್ತು. ಮಳೆಗಾಲ ಕಳೆದೊಡನೆ ಮೊದಲಾಗುತ್ತಿದ್ದ ಆ ಯಾತ್ರೆಯಲ್ಲಿ ಹತ್ತು ಇಪ್ಪತ್ತು ಗಾಡಿಗಳು ಒಂದರ ಹಿಂದೊಂದು ಸಾಲುಗಟ್ಟಿ, ಹಗಲಿನ ಉರಿಯನ್ನು ಬಿಟ್ಟು ಇರುಳಿನ ತಂಪಿನಲ್ಲಿ, ಮೂಕಿಯ ಕೆಳಗೆ ತೂಗುವ ಲಾಂದ್ರದ ಬೆಳಕಿನಲ್ಲಿ ಸಾಗುತ್ತಿದ್ದುವು. ಇಳಿಜಾರಿನಲ್ಲಿ ಗಾಡಿ ಎತ್ತುಗಳ ಮೇಲೆ ನುಗ್ಗದಂತೆ ಹಿಂದುಗಡೆ ಮರದ ದಿಮ್ಮಿಯನ್ನು ಕಟ್ಟಿ ಎಳೆಯಗೊಡುತ್ತಿದ್ದರು. ಆದರೂ ಗಾಡಿಯು ಹೊಳೆಯನ್ನು ಸೋಲಿಸಿತೆನ್ನುವಂತಿಲ್ಲ. ನೇತ್ರಾವತಿಯ ದಡದ ಬಂಟವಾಳ ಪಾಣೆಮಂಗಳೂರುಗಳವರೆಗೆ ಬಂದ ಸರಕು ಅಲ್ಲಿ ದೋಣಿಗೆ ಬಿದ್ದು ಮಂಗಳೂರಿನ ದಕ್ಕೆಯನ್ನು ಸೇರುತ್ತಿತ್ತು. ಬಂಟವಾಳದ ಪೇಟೆ ಮಂಗಳೂರಿಗೆ ಎಣೆಯಾಗಿ ಮೆರೆದದ್ದು ಎತ್ತು ನಿಂತು ಅಂಬಿಗನು ಹೊರಡುವ ಈ ಸಂಧಿಸ್ಥಾನದ ಮಹಿಮೆಯಿಂದಲೇ. ಮರದ ವ್ಯಾಪಾರದಲ್ಲಿಯೂ ಇದೇ ಕ್ರಮ: ಸುಬ್ರಹ್ಮಣ್ಯ, ಸುಳ್ಯ ಕಡೆಯ ಕಾಡುಗಳ ದಿಮ್ಮಿಯನ್ನು ಹೊಳೆಯವರೆಗೆ ಎಳೆಯುವುದು ಆನೆಯ ಪಾಲು, ಅಲ್ಲಿಂದ ಕುಮಾರಧಾರೆಯೂ ಉಪ್ಪಿನಂಗಡಿಯ ಕೆಳಗೆ ನೇತ್ರಾವತಿಯೂ ಅದನ್ನು ತೇಲಿಸಿ ತರುತ್ತಿದ್ದುವು.

ಪಟ್ಟಣದೊಳಗೆ ಗಾಡಿಗೆ ನಿಜವಾದ ಉದ್ಯೋಗವನ್ನು ಕೊಟ್ಟದ್ದು ಹಂಚು. ಮುದ್ರಣದ ಕೆಲಸಕ್ಕೆಂದು ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತನು 1865ರಲ್ಲಿ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆಯ ಮೊದಲ ಯಂತ್ರಬಲವೆಂದರೆ ಒಂದು ಜೊತೆ ಎತ್ತು; ಜೇಡಿಮಣ್ಣನ್ನು ಅರೆದು ಹದಮಾಡುವ ಯಂತ್ರವನ್ನು ಅವು ಗಾಣದ ಎತ್ತುಗಳಂತೆ ಸುತ್ತಿ ತಿರುಗಿಸುತ್ತಿದ್ದುವು. 1868ರಲ್ಲಿ ಆಲ್ಬುಕರ್ಕ್ ಮನೆತನದವರು ದೇಶೀಯರಾಗಿ ಮೊದಲನೆಯ ಹಂಚಿನ ಕಾರ್ಖಾನೆಯನ್ನು ಹೂಡಿದರು; ಹೊಳೆಯ ದಂಡೆಯುದ್ದಕ್ಕೂ ಹೊಗೆಗೂಡುಗಳು ಏಳತೊಡಗಿದುವು. 1880ರ ದಶಕದಲ್ಲಿ ಆವಿಯ ಯಂತ್ರ ಬಂದು ಮಣ್ಣರೆಯುವ ಎತ್ತನ್ನು ಬಿಡುಗಡೆ ಮಾಡಿತೆಂದು ನಾವು ಹರ್ಷಿಸುವಷ್ಟರಲ್ಲಿಯೇ, ಆ ಯಂತ್ರದ ಹಸಿವಿಗೆ ಸೌದೆ, ಹೆಚ್ಚಿದ ಉತ್ಪತ್ತಿಗೆ ಮಣ್ಣು, ಸುಟ್ಟ ಹಂಚಿಗೆ ದಕ್ಕೆಯ ಹಾದಿ ಎಂದು ಮೂರು ದಿಕ್ಕಿಗೂ ಎತ್ತುಗಳೇ ಬೇಕಾದುವು. ಯಂತ್ರವೊಂದು ಬಂದರೆ ಪ್ರಾಣಿಯ ದುಡಿಮೆ ತಗ್ಗುವುದೆಂಬ ಲೆಕ್ಕ ಮೇಲುನೋಟದ್ದು. ಒಂದು ಕಡೆ ಬಿಚ್ಚಿದ ನೊಗ ನಾಲ್ಕು ಕಡೆ ಬಿಗಿಯಿತು. ಹಂಚಿನ ಗಾಡಿಗಳೂ, ಮೂರು ಕಳಸೆಯೆಂದರೆ 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಗಳ ಗಾಡಿಗಳೂ ಬಂದರದ ಇಕ್ಕಟ್ಟಾದ ಬೀದಿಗಳಲ್ಲಿ ನೂಕುನುಗ್ಗಲಾಗಿ ನಿಂತು, ಮಂಜಿ, ಪತ್ತೆಮಾರಿಗಳೆಂಬ ಹಾಯಿಹಡಗುಗಳು ತುಂಬುವವರೆಗೆ ಕಾಯುತ್ತಿದ್ದುವು.

ಗಾಡಿಯನ್ನು ಆಶ್ರಯಿಸಿ ಎಷ್ಟು ಕಸಬುಗಳು ಬದುಕಿದುವೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಬಡಗಿಯು ಗುಂಬ, ಅರೆಕಾಲು, ಮೂಕಿ, ನೊಗಗಳನ್ನು ಕಡೆದು ಜೋಡಿಸಬೇಕು. ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿ, ನೀರೆರೆದು ಕುಗ್ಗಿಸಿ ಬಿಗಿಗೊಳಿಸಬೇಕು. ಅಚ್ಚಿನ ತುದಿಗೆ ಕಡಾಣಿ ಬೇಕು, ಅಚ್ಚಿಗೆ ಎಣ್ಣೆ ಬೇಕು. ಇವರೆಲ್ಲರಿಗಿಂತ ನೋಡತಕ್ಕವನು ಲಾಳ ಕಟ್ಟುವವನು. ಗದ್ದೆಯ ಎತ್ತಿಗೆ ಲಾಳ ಬೇಡ. ಜಲ್ಲಿಯ ರಸ್ತೆಯನ್ನು ತುಳಿಯುವ ಎತ್ತಿಗೆ ಅದು ಇಲ್ಲದಿದ್ದರೆ ಗೊರಸು ಸವೆದು ಕುಂಟುತ್ತದೆ. ಕುದುರೆಯದು ಒಂಟಿ ಗೊರಸಾದುದರಿಂದ ನಾಲ್ಕು ಲಾಳ ಸಾಕು, ನಿಂತಲ್ಲಿಯೇ ಕಾಲೆತ್ತಿ ಹೊಡೆಯಬಹುದು; ಎತ್ತಿನದು ಸೀಳುಗೊರಸಾದುದರಿಂದ ಕಾಲಿಗೆ ಎರಡರಂತೆ ಎಂಟು ತೆಳುವಾದ ಬಿಲ್ಲೆಗಳು ಬೇಕು, ಅದೂ ಎತ್ತನ್ನು ಹಗ್ಗದಿಂದ ಸೆಳೆದು ನೆಲಕ್ಕೆ ಕೆಡವಿ, ನಾಲ್ಕು ಕಾಲುಗಳನ್ನೂ ಒಟ್ಟುಗೂಡಿಸಿ ಕಟ್ಟಿ, ಒಬ್ಬನು ಕೊಂಬನ್ನು ಅದುಮಿ ಹಿಡಿದಿರುವಾಗ ಮತ್ತೊಬ್ಬನು ಮೊಳೆ ಹೊಡೆಯತಕ್ಕದ್ದು. ಮೊಳೆ ಕೂದಲೆಳೆಯಷ್ಟು ಒಳಸರಿದರೂ ಎತ್ತು ವಾರಗಟ್ಟಲೆ ಕೊಟ್ಟಿಗೆಯಲ್ಲಿ. ಗಾಡಿಯವನ ಇಡೀ ಸಂಸಾರದ ಅನ್ನ ಆ ಸುತ್ತಿಗೆಯ ತುದಿಯಲ್ಲಿತ್ತೆಂದರೆ ಅತಿಶಯೋಕ್ತಿಯಲ್ಲ.

1907ರಲ್ಲಿ ತೆಂಕಣಿಂದ ಕಾಸರಗೋಡಿನ ಮಾರ್ಗವಾಗಿ ನೇತ್ರಾವತಿಯನ್ನು ದಾಟಿ ರೈಲು ಬಂದಿತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಸ್ಥಾಪಿತವಾಗಿ ಮೋಟಾರು ಓಡತೊಡಗಿತು. ಇವೆರಡರಲ್ಲಿ ರೈಲು ಗಾಡಿಯ ಶತ್ರುವಾಗಲಿಲ್ಲ, ಒಡೆಯನಾಯಿತು. ಹಳಿಯಿರುವಲ್ಲಿಗೆ ಮಾತ್ರ ಹೋಗಬಲ್ಲ ಉಗಿಬಂಡಿಗೆ ಸರಕನ್ನು ತಂದೊಪ್ಪಿಸುವ, ಅದರಿಂದ ಸರಕನ್ನು ಇಳಿಸಿಕೊಂಡು ಮಂಡಿಗಳಿಗೆ ಹಂಚುವ ಕೆಲಸವೆಲ್ಲ ಎತ್ತಿನದಾಯಿತು. ಘಟ್ಟದ ಮೇಲಕ್ಕೆ ಮಂಗಳೂರಿನಿಂದ ನೇರವಾದ ರೈಲುದಾರಿ ಹಾಸನದವರೆಗೆ ಪೂರ್ತಿಯಾಗುವುದಕ್ಕೆ 1979 ಬರಬೇಕಾಯಿತು. ಪ್ರಯಾಣಿಕನನ್ನು ಮೋಟಾರು ಮೊದಲು ಕಿತ್ತುಕೊಂಡಿತು, ಸರಕನ್ನು ಲಾರಿ ಆಮೇಲೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಅಭಾವವಾಗಿ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಏದುಸಿರು ಬಿಡುತ್ತ ಓಡಿದಾಗ ಗಾಡಿಯವರಿಗೆ ಒಂದಷ್ಟು ಕಾಲ ಮತ್ತೆ ಸುಗ್ಗಿ ಬಂದಿತ್ತು. ಅದು ಆರುವ ದೀಪದ ಕುಡಿ. ಗದ್ದೆಗೆ ಟಿಲ್ಲರ್ ಬಂದಿತು, ಗಾಣಿಗರ ಮರದ ಗಾಣಕ್ಕೆ ವಿದ್ಯುತ್ತಿನ ಗಿರಣಿ ಎದುರಾಯಿತು, 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ತೆರೆದು ದೊಡ್ಡ ವ್ಯಾಪಾರವೆಲ್ಲವೂ ಹಳೆಯ ದಕ್ಕೆಯಿಂದ ಅತ್ತ ಸರಿಯಿತು.

ಇಲ್ಲಿ ಕಾನೂನಿನ ನಡೆಯನ್ನು ಕುರಿತು ಎರಡು ಮಾತು ಹೇಳದಿರಲಾರೆ. ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ಬ್ರಿಟಿಷರ ಕಾಲದಲ್ಲಿಯೇ, 1890ರಲ್ಲಿ, ಬಂದಿತ್ತು; 1960ರಲ್ಲಿ ಅದನ್ನು ಹೊಸದಾಗಿ ರಚಿಸಿದರು. ಭಾರ ಹೊರುವ ಮತ್ತು ಎಳೆಯುವ ಪ್ರಾಣಿಗಳು ದಿನಕ್ಕೆ ಒಂಬತ್ತು ಗಂಟೆಗಳಿಗಿಂತ ಹೆಚ್ಚು ದುಡಿಯಕೂಡದು, ಬಿಸಿಲು 37 ಡಿಗ್ರಿಯನ್ನು ಮೀರುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನೊಗ ಹೂಡಕೂಡದು ಎಂದು ಮೊದಲಾಗಿ ವಿವರವಿವರವಾದ ನಿಯಮಗಳು ಹೊರಟದ್ದು, ನಾನು ಮೇಲೆ ಹೇಳಿದ 1965ರಲ್ಲಿ. ಎಂದರೆ ಮಂಗಳೂರಿನ ಬೀದಿಗಳಿಂದ ಎತ್ತು ಹೊರಟುಹೋಗುತ್ತಿದ್ದ ಹೊತ್ತಿನಲ್ಲಿ. ಘಟ್ಟದ ಏರಿನಲ್ಲಿ ನೂರು ವರ್ಷ ನೊರೆ ಸುರಿಸಿದ ಎತ್ತುಗಳಿಗಾಗಿ ದೇಶದ ಪರಮೋಚ್ಚ ಪೀಠದ ಮುಂದೆ ವಾದ ನಡೆಯಲಿಲ್ಲ. ಕಂಬಳದ ಕೋಣದ ವಿಷಯದಲ್ಲಿಯಾದರೋ 2014ರ ಸುಪ್ರೀಂ ಕೋರ್ಟಿನ ತೀರ್ಪು, ಅದರ ಬೆನ್ನಿಗೆ ಬಂದ ತಡೆ, ರಾಜ್ಯ ಶಾಸನಸಭೆಯ 2017ರ ತಿದ್ದುಪಡಿ, ಆ ತಿದ್ದುಪಡಿಯನ್ನು ಎತ್ತಿಹಿಡಿದ 2023ರ ಮೇ 18ರ ತೀರ್ಪು ಎಂದು ಸುಮಾರು ಹತ್ತು ವರ್ಷ ವ್ಯಾಜ್ಯ ಸಾಗಿತು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ನಾಲ್ಕು ಬಗೆಯಾಗಿ ಓಡುವ, ಓಡಿ ಮುಗಿಸಲು ಕೆಲವೇ ಕ್ಷಣಗಳು ಸಾಕಾಗುವ ಕಂಬಳದ ಆ ಕೋಣಗಳಿಗೆ ಇಂದು ಹುರುಳಿ ಬೇಯಿಸಿ ಹಾಕುವರು, ಎಣ್ಣೆ ತೀಡುವರು, ಈಜಲು ಕೊಳ ಕಟ್ಟಿಸುವರು. ಅವುಗಳಲ್ಲಿ ಬಹುಪಾಲು ಗದ್ದೆ ಉತ್ತವಲ್ಲ, ಅವುಗಳ ಒಡೆಯರಲ್ಲಿ ಅನೇಕರ ಗದ್ದೆಗಳನ್ನು ಉಳುವುದು ಡೀಸೆಲ್ ಯಂತ್ರ.